ಬರಿಗಾಲ ಓಟಗಾರ, ಬೂಟಿನ ಕಾಲ

ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಸಮೀಪ ನಡೆಯುವ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯಲ್ಲಿ ದೇವರಿಗೆ ಕಟ್ಟುವುದು ಮುಳ್ಳಿನ ಗುಡಿ. ಬಾರೆ ಮುಳ್ಳಿನ ಕಂಟಿಗಳನ್ನು ಒಟ್ಟಿ ಎತ್ತರಿಸಿದ ಆ ಗುಡಿಯನ್ನು ಯುವಕರು ಬರಿಗಾಲಿನಲ್ಲೇ ಏರಿ ತುದಿಯ ಕಳಶವನ್ನು ಕಿತ್ತು ತರುತ್ತಾರೆ. ನೋಡಲು ಬಂದ ಹೊರಗಿನವರ ಮೈ ಜುಮ್ಮೆನ್ನುತ್ತದೆ. ಹಟ್ಟಿಯವರಿಗೆ ಅದು ಹಿರಿಯರಿಂದ ನಡೆದುಬಂದ ಪದ್ಧತಿ. ಇಂಥ ಸೀಮೆಯ ಜನರಿಗೆ ಬರಿಗಾಲು ಎಂಬುದು ಬಡತನದ ಗುರುತು ಮಾತ್ರವಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕುರಿ ಮಂದೆಯ ಹಿಂದೆ, ದೇವರ ಎತ್ತುಗಳ ಹಿಂದೆ, ಶೇಂಗಾ ಹೊಲದ ಸಾಲುಗಳ ನಡುವೆ ನಡೆದು ಗಟ್ಟಿಯಾದ ಪಾದ ಒಂದು ಕಸುಬಿನ ಸಲಕರಣೆಯೂ ಹೌದು.

ಅಂಥದೇ ಬರಿಗಾಲನ್ನು ಸಲಕರಣೆಯಾಗಿಸಿಕೊಂಡು ಲಂಡನ್ನಿನವರೆಗೆ ಹೋಗಿಬಂದ ಕರ್ನಾಟಕದ ಆಟಗಾರನೊಬ್ಬರಿದ್ದರು. ಅವರ ಹೆಸರು ಅಹ್ಮದ್ ಖಾನ್. 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿ, 2017ರ ಆಗಸ್ಟ್ 27ರಂದು ಅದೇ ಊರಿನಲ್ಲಿ ತೀರಿಕೊಂಡ ಅವರು ಎರಡು ಒಲಿಂಪಿಕ್ಸ್, ಎರಡು ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತದ ಪರವಾಗಿ ಫುಟ್‌ಬಾಲ್ ಆಡಿದರು. ಕಲ್ಕತ್ತೆಯ ಮೈದಾನಗಳಲ್ಲಿ ಹತ್ತು ವರ್ಷ ಮೆರೆದರು. ಆದರೆ ಅವರ ಹೆಸರು ಹೇಳಿದರೆ ಗುರುತಿಸುವ ಕನ್ನಡಿಗರು ಇಂದು ಎಷ್ಟು ಮಂದಿ? ಚೆಂಡಿನೊಡನೆ ಓಡುವುದನ್ನೇ ಬದುಕಾಗಿಸಿಕೊಂಡ ಮನುಷ್ಯನ ಕಥೆ ಅವನ ಓಟ ನಿಂತ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅವರ ಬಾಳು ಒಂದು ಉತ್ತರವನ್ನು ಕೊಡುತ್ತದೆ.

ದಂಡಿನ ಬೆನ್ನು ಹತ್ತಿದ ಆಟ

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗೆ ಇರುವ ಒಲವು ಫುಟ್‌ಬಾಲ್‌ಗೆ ಇಲ್ಲ. ಇದಕ್ಕೆ ಕಾರಣವನ್ನು ಜನರ ಅಭಿರುಚಿಯಲ್ಲಿ ಹುಡುಕುವುದಕ್ಕಿಂತ ಇತಿಹಾಸದಲ್ಲಿ ಹುಡುಕುವುದು ಮೇಲು. ಫುಟ್‌ಬಾಲ್ ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷ್ ಸೈನ್ಯದ ಜೊತೆಯಲ್ಲಿ. ದಂಡು ಇಳಿದಲ್ಲಿ ಕವಾಯತು ಮೈದಾನ, ಮೈದಾನವಿದ್ದಲ್ಲಿ ಗೋಲಿನ ಕಂಬ. ಮುಂದೆ ಗಣಿ, ಗಿರಣಿ, ರೈಲ್ವೆ ಕಾರ್ಖಾನೆಗಳು ಬೆಳೆದ ಕಡೆ ಆಟವೂ ಬೆಳೆಯಿತು. ಕರ್ನಾಟಕದಲ್ಲಿ ಬೆಂಗಳೂರು ದಂಡು ಪ್ರದೇಶ ಮತ್ತು ಕೋಲಾರದ ಚಿನ್ನದ ಗಣಿ ಈ ಆಟದ ತವರಾದದ್ದು ಹೀಗೆ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದ, ಮಳೆ ಕಡಿಮೆಯ, ಕುರಿ ಮತ್ತು ಶೇಂಗಾವನ್ನು ನಂಬಿದ ಚಳ್ಳಕೆರೆಗೆ ಆ ಗಾಳಿ ಬೀಸಲಿಲ್ಲ. ರೇಷ್ಮೆ ಸೀರೆಯ ಮಗ್ಗಗಳ ಮೊಳಕಾಲ್ಮುರಿಗೂ ಬೀಸಲಿಲ್ಲ.

ಬೆಂಗಳೂರಿನಲ್ಲಿ ಮಾತ್ರ ಕಥೆ ಬೇರೆ. ದಂಡಿನ ಸುತ್ತಲ ಕೇರಿಗಳಲ್ಲಿ ನೆಲೆಸಿದ್ದ ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ಮಾತಿನ ಕುಟುಂಬಗಳ ಹುಡುಗರು ಸೋಲ್ಜರುಗಳ ಆಟವನ್ನು ಬೇಲಿಯಾಚೆ ನಿಂತು ನೋಡಿ ಕಲಿತರು. ಮುಂದೆ ಆ ಸೋಲ್ಜರುಗಳನ್ನೇ ಸೋಲಿಸುವ ಮಟ್ಟಕ್ಕೆ ಬೆಳೆದರು. ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಸೈನಿಕ ತಂಡಗಳ ಸೊತ್ತಾಗಿತ್ತು. ಅದನ್ನು 1937ರಲ್ಲಿ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ನಾಗರಿಕ ತಂಡವೆನಿಸಿತು. ಮರುವರ್ಷವೂ ಕಪ್ ಅದೇ ತಂಡದ ಪಾಲಾಯಿತು. 1946ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್‌ಗಿರಿಯ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು. ಫುಟ್‌ಬಾಲ್ ಎಂದರೆ ಬಂಗಾಳ ಎಂದು ನಂಬಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ಅಹ್ಮದ್ ಖಾನ್ ಆಟ ಕಲಿತದ್ದು ಈ ವಾತಾವರಣದಲ್ಲಿ, ಆಟಗಾರರೇ ತುಂಬಿದ್ದ ಮನೆಯಲ್ಲಿ.

‘ಬ್ಯಾಕ್’ ಯಾರು, ‘ಫಾರ್ವರ್ಡ್’ ಯಾರು?

ಅಂದಿನ ಫುಟ್‌ಬಾಲ್ ತಂಡದ ನಿಲುವು ಇಂದಿನಂತಿರಲಿಲ್ಲ. ಗೋಲಿಯ ಮುಂದೆ ಇಬ್ಬರು ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕ್‌ಗಳು, ಅವರ ಮುಂದೆ ಸಾಲಾಗಿ ಐವರು ಫಾರ್ವರ್ಡ್‌ಗಳು. ಈ ಐವರಲ್ಲಿ ಎರಡು ಅಂಚಿನವರು ಓಡುವವರು, ನಡುವಿನವ ಗೋಲು ಹೊಡೆಯುವವ. ಇವರ ಮಧ್ಯೆ ನಿಲ್ಲುವ ಇಬ್ಬರಿಗೆ ‘ಇನ್‌ಸೈಡ್ ಫಾರ್ವರ್ಡ್’ ಎಂದು ಹೆಸರು. ಹಿಂದಿನಿಂದ ಚೆಂಡನ್ನು ತೆಗೆದುಕೊಂಡು, ಎದುರಾಳಿಗಳನ್ನು ಕಾಲಿನ ಕೈಚಳಕದಿಂದ ದಾಟಿ, ಮುಂದಿನವರಿಗೆ ಅವಕಾಶ ಮಾಡಿಕೊಡುವುದು ಅವರ ಕೆಲಸ. ಅಹ್ಮದ್ ಖಾನ್ ಎಡಗಡೆಯ ಇನ್‌ಸೈಡ್ ಫಾರ್ವರ್ಡ್. ಚೆಂಡು ಅವರ ಪಾದಕ್ಕೆ ಅಂಟಿಕೊಂಡಂತೆ ಹರಿಯುತ್ತಿದ್ದುದರಿಂದ ಅವರನ್ನು ‘ಹಾವಾಡಿಗ’ ಎಂದು ಕರೆಯುವುದು ರೂಢಿಗೆ ಬಂತು.

ಅಮೆರಿಕದಲ್ಲಿ ಫುಟ್‌ಬಾಲ್ ಎಂಬ ಹೆಸರಿನಲ್ಲಿ ಆಡುವ ಆಟವೇ ಬೇರೆ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು, ಮೇಲೆರಗುವ ಎದುರಾಳಿಗಳ ನಡುವೆ ನುಗ್ಗಿ ಓಡುವ ಆಟಗಾರನಿಗೆ ‘ರನ್ನಿಂಗ್ ಬ್ಯಾಕ್’ ಎನ್ನುತ್ತಾರೆ. ಮುಂಚೂಣಿಯ ಹಿಂದೆ ನಿಲ್ಲುವುದರಿಂದ ಅವನು ‘ಬ್ಯಾಕ್’. ಮಾಡುವ ಕೆಲಸ ಮಾತ್ರ ದಾಳಿಯದು. ಅವನ ವೃತ್ತಿಜೀವನ ಸಾಮಾನ್ಯವಾಗಿ ಬಹಳ ಚಿಕ್ಕದು. ಮೊಳಕಾಲು, ಹಿಂಗಾಲಿನ ನರ, ಭುಜ ಇವುಗಳಲ್ಲಿ ಒಂದು ಕೈಕೊಟ್ಟರೆ ಮುಗಿಯಿತು. ಹೆಸರಿನಲ್ಲೇ ಮೊಳಕಾಲು ಕೇಳಿಸುವ ಊರಿನ ನೆರೆಹೊರೆಯವರಿಗೆ ಇದರ ಬೆಲೆ ಬೇಗ ಅರ್ಥವಾದೀತು.

ಆದರೆ ಆ ಆಟದಲ್ಲಿ ಒಂದು ಅನುಕೂಲವಿದೆ. ರನ್ನಿಂಗ್ ಬ್ಯಾಕ್ ಚೆಂಡು ಹೊತ್ತು ಓಡಿದ ಪ್ರತಿಯೊಂದು ಗಜಕ್ಕೂ ಅಲ್ಲಿ ಲೆಕ್ಕವುಂಟು. 1957ರಿಂದ 1965ರವರೆಗೆ ಒಂಬತ್ತು ಋತುಗಳಲ್ಲಿ ಆಡಿ, 1966ರಲ್ಲಿ ಮೂವತ್ತರ ಪ್ರಾಯದಲ್ಲೇ ನಿವೃತ್ತರಾದ ಜಿಮ್ ಬ್ರೌನ್ ಓಡಿದ್ದು 12,312 ಗಜ. ಹದಿನೈದು ಋತು ಆಡಿ 2005ರಲ್ಲಿ ನಿವೃತ್ತಿ ಘೋಷಿಸಿದ ಎಮಿಟ್ ಸ್ಮಿತ್ ಓಡಿದ್ದು 18,355 ಗಜ. ಅದು ಆ ಲೀಗಿನ ದಾಖಲೆ. ಕಿಲೋಮೀಟರಿಗೆ ತಿರುಗಿಸಿದರೆ ಹದಿನಾರೂ ಮುಕ್ಕಾಲು, ಅಂದರೆ ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಹಾದಿಯ ಸುಮಾರು ಅರ್ಧ. ಹೆಜ್ಜೆ ಹೆಜ್ಜೆಗೂ ಕೆಡವಲು ಕಾದಿರುವವರ ನಡುವೆ ಅಷ್ಟು ದೂರವನ್ನು ಕ್ರಮಿಸಲು ಒಂದು ಆಯುಷ್ಯವೇ ಬೇಕಾಯಿತು.

ಅಹ್ಮದ್ ಖಾನ್ ಎಷ್ಟು ಗಜ ಓಡಿದರು, ಎಷ್ಟು ಮಂದಿಯನ್ನು ದಾಟಿದರು, ಎಷ್ಟು ಗೋಲುಗಳಿಗೆ ದಾರಿ ಮಾಡಿಕೊಟ್ಟರು ಎಂಬುದಕ್ಕೆ ಅಂಥ ಲೆಕ್ಕವಿಲ್ಲ. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು. ಚೆಂಡನ್ನು ತಂದುಕೊಟ್ಟವನ ಓಟ ನೋಡಿದವರ ಕಣ್ಣಿನಲ್ಲಿ ಉಳಿಯುತ್ತಿತ್ತು. ಆ ಕಣ್ಣುಗಳು ಒಂದೊಂದಾಗಿ ಮುಚ್ಚಿದಂತೆ ಓಟವೂ ಅಳಿಸಿಹೋಗುತ್ತ ಬಂತು.

ಇಲ್ಫರ್ಡ್‌ನ ಎಂಬತ್ತೊಂಬತ್ತನೆಯ ನಿಮಿಷ

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಭಾರತದ ಫುಟ್‌ಬಾಲ್ ತಂಡ ಮೊದಲ ಬಾರಿಗೆ ಒಲಿಂಪಿಕ್ಸ್‌ನಲ್ಲಿ ಆಡಿತು. ನಾಗಾ ಬೆಟ್ಟಗಳ ವೈದ್ಯ ಟಿ. ಆವೊ ನಾಯಕ. ಗೋಲಿ ವರದರಾಜ್, ಅಂಚಿನ ಆಟಗಾರ ಸಾರಂಗಪಾಣಿ ರಾಮನ್, ಅಹ್ಮದ್ ಖಾನ್ ಇವರೆಲ್ಲ ಬೆಂಗಳೂರಿನ ಕೊಡುಗೆ. ಜುಲೈ 31ರಂದು ಲಂಡನ್ ಸಮೀಪದ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ಅಹ್ಮದ್ ಖಾನ್‌ಗೆ ಆಗ 21 ವರ್ಷ. ಭಾರತದ ಹನ್ನೊಂದು ಮಂದಿಯಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟು ಇರಲಿಲ್ಲ. ಕಣಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಬರಿ ಪಾದದಲ್ಲಿ ಇಳಿದವರನ್ನು ಕಂಡು ಇಂಗ್ಲಿಷ್ ಪ್ರೇಕ್ಷಕರು ಬೆರಗಾದರು.

ಬೆರಗು ಬೇಗನೆ ಮೆಚ್ಚುಗೆಯಾಯಿತು. ಮೊದಲು ಗೋಲು ಹೊಡೆದದ್ದು ಫ್ರಾನ್ಸ್. 70ನೇ ನಿಮಿಷದಲ್ಲಿ ರಾಮನ್ ಹೊಡೆದ ಗೋಲಿನಿಂದ ಆಟ ಸಮಸಮವಾಯಿತು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಬೆಂಗಳೂರಿನವನ ಪಾದದಿಂದ ಬಂತು. ಆದರೆ ಅದೇ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತು, ಎರಡೂ ವ್ಯರ್ಥವಾದವು. ಇನ್ನೇನು ಆಟ ಮುಗಿಯಬೇಕು ಎನ್ನುವಾಗ, 89ನೇ ನಿಮಿಷದಲ್ಲಿ, ಫ್ರಾನ್ಸ್ ಎರಡನೆಯ ಗೋಲು ಹೊಡೆದು ಗೆದ್ದಿತು. ಗೆಲ್ಲಬೇಕಾಗಿದ್ದ ಪಂದ್ಯವನ್ನು ಭಾರತ 1–2ರಿಂದ ಕಳೆದುಕೊಂಡಿತು.

ಬೂಟಿಲ್ಲದೆ ಆಡಿದ್ದಕ್ಕೆ ಕಾರಣ ಕೇಳಿದವರಿಗೆ ನಾಯಕ ಆವೊ, ನಾವು ಆಡುವುದು ಫುಟ್‌ಬಾಲ್, ನೀವಾಡುವುದು ಬೂಟ್‌ಬಾಲ್ ಎಂದು ಹಾಸ್ಯ ಮಾಡಿದರೆಂಬ ಮಾತು ಪ್ರಚಾರದಲ್ಲಿದೆ. ಹಾಸ್ಯದ ಹಿಂದೆ ಒಂದು ತರ್ಕವಿತ್ತು. ಅಂದಿನ ಬೂಟುಗಳು ಇಂದಿನ ಹಗುರ ಬೂಟುಗಳಲ್ಲ; ದಪ್ಪ ತೊಗಲಿನ, ಕಣಕಾಲು ಮುಚ್ಚುವ, ಗಟ್ಟಿ ಮೂತಿಯ ಭಾರದ ವಸ್ತುಗಳು. ಬರಿ ಪಾದದಲ್ಲಿ ಆಡಿದವನಿಗೆ ಚೆಂಡಿನ ಸ್ಪರ್ಶ ಬೆರಳಿನಿಂದ ಮೆದುಳಿಗೆ ನೇರವಾಗಿ ತಿಳಿಯುತ್ತದೆ. ಬೆರಳಿನ ತುದಿಯಲ್ಲಿ ಎಳೆದು, ಹಿಮ್ಮಡಿಯಲ್ಲಿ ತಿರುಗಿಸಿ, ಪಾದದ ಒಳಬದಿಯಲ್ಲಿ ತಡೆಯುವುದು ಸಲೀಸು. ಒಣ ನೆಲದ ಮೇಲೆ ಬರಿಗಾಲಿನವರು ಬೂಟಿನವರಿಗಿಂತ ಚುರುಕು. 1911ರ ಜುಲೈ 29ರಂದು ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಮಣಿಸಿ ಐ.ಎಫ್.ಎ. ಶೀಲ್ಡ್ ಗೆದ್ದಾಗ ಅದರ ಹನ್ನೊಂದು ಮಂದಿಯಲ್ಲಿ ಒಬ್ಬರ ಹೊರತು ಉಳಿದವರೆಲ್ಲ ಬರಿಗಾಲಿನವರೇ.

ಆದರೆ ಮಳೆ ಬಿದ್ದರೆ ಲೆಕ್ಕ ತಲೆಕೆಳಗು. ಒದ್ದೆ ಹುಲ್ಲಿನ ಮೇಲೆ ಬರಿ ಪಾದ ಜಾರುತ್ತದೆ. ನೀರು ಕುಡಿದ ತೊಗಲಿನ ಚೆಂಡು ಕಲ್ಲಿನಷ್ಟು ಭಾರವಾಗುತ್ತದೆ. ಇದನ್ನು ಮೊದಲು ಅರಿತದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ. 1934ರಿಂದ 1938ರವರೆಗೆ ಸತತ ಐದು ವರ್ಷ ಲೀಗ್ ಗೆದ್ದ ಆ ತಂಡ ಬೆಂಗಳೂರು ಮುಂತಾದ ಕಡೆಗಳಿಂದ ಆಟಗಾರರನ್ನು ಕರೆತಂದದ್ದಲ್ಲದೆ, ಮಳೆಯಲ್ಲಿ ಹಗುರ ಬೂಟು ತೊಟ್ಟು ಆಡುವುದನ್ನೂ ರೂಢಿಸಿತು. ಎಂದರೆ, ಬೂಟು ಬೇಕೆ ಬೇಡವೆ ಎಂಬ ಚರ್ಚೆ ಲಂಡನ್ನಿನಲ್ಲಿ ಹುಟ್ಟಿದ್ದಲ್ಲ. ನಮ್ಮ ಮಳೆಯೇ ಅದನ್ನು ಎಂದೋ ಎತ್ತಿತ್ತು.

ನಿರಾಶ್ರಿತರ ಪಾಂಡವರು

1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. 1920ರಲ್ಲಿ ಹುಟ್ಟಿದ ಆ ಕ್ಲಬ್ಬಿಗೆ ಆಗ ಹೊಸ ಜೀವ ಬಂದಿತ್ತು. ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದ ಲಕ್ಷಾಂತರ ಜನಕ್ಕೆ, ಬಿಟ್ಟುಬಂದ ನಾಡಿನ ಹೆಸರು ಹೊತ್ತಿದ್ದ ತಂಡವೇ ಹೊಸ ಊರಿನಲ್ಲಿ ಸಿಕ್ಕ ಸ್ವಂತ ವಸ್ತು. ತಂಡದ ಗೆಲುವನ್ನು ಅವರು ತಮ್ಮ ಗೆಲುವೆಂದೇ ಬಗೆದರು.

ಆ ಕ್ಲಬ್ಬಿನ ವ್ಯವಹಾರ ನೋಡುತ್ತಿದ್ದ ಜ್ಯೋತಿಷ್ ಚಂದ್ರ ಗುಹಾ ಆಟಗಾರರನ್ನು ದೇಶದ ಮೂಲೆಮೂಲೆಗಳಿಂದ ಹುಡುಕಿ ತರುವುದರಲ್ಲಿ ಹೆಸರಾದವರು. ಅವರ ಕಾಲದಲ್ಲಿ ಒಂದೇ ಸಾಲಿನಲ್ಲಿ ಐವರು ದಕ್ಷಿಣದ ಆಟಗಾರರು ಕೂಡಿಕೊಂಡರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಬಂಗಾಳಿ ಅಭಿಮಾನಿಗಳು ಅವರಿಗಿಟ್ಟ ಹೆಸರು ‘ಪಂಚಪಾಂಡವರು’. 1949ರಲ್ಲಿ ತಂಡ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡನ್ನು 1950, 1951ರಲ್ಲೂ ಬಿಟ್ಟುಕೊಡಲಿಲ್ಲ. 1951, 1952ರಲ್ಲಿ ದೆಹಲಿಯ ಡ್ಯುರಾಂಡ್ ಕಪ್ ಬಂತು. 1953ರಲ್ಲಿ ತಂಡ ರುಮೇನಿಯಾ, ಸೋವಿಯತ್ ಒಕ್ಕೂಟಗಳಿಗೆ ಪ್ರವಾಸ ಹೋಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಮತದ ಹೆಸರಿನ ರಕ್ತಪಾತದಿಂದ ತಪ್ಪಿಸಿಕೊಂಡು ಬಂದಿದ್ದ ಹಿಂದೂ ನಿರಾಶ್ರಿತರು ಬೆಂಗಳೂರಿನ ಮುಸ್ಲಿಂ ತರುಣನೊಬ್ಬನನ್ನು ಹೆಗಲ ಮೇಲೆ ಹೊತ್ತು, ಅವನನ್ನು ಪಾಂಡವರಲ್ಲಿ ಒಬ್ಬನೆಂದು ಕರೆದದ್ದು ವಿಭಜನೆಯಾಗಿ ಎರಡೇ ವರ್ಷಕ್ಕೆ. ಆ ಕಾಲದ ಕಹಿ ಎಷ್ಟಿತ್ತೆಂದು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ. ರಾಜಕೀಯ ಮಾಡಲಾಗದ್ದನ್ನು ಆಟ ಮಾಡಿತು ಎನ್ನುವುದು ಅತಿಶಯೋಕ್ತಿಯಾದೀತು. ಆದರೆ ಸಂಜೆಯ ಒಂದೆರಡು ಗಂಟೆಯ ಮಟ್ಟಿಗಾದರೂ ಮಾಡಿತು ಎನ್ನಲು ಅಡ್ಡಿಯಿಲ್ಲ.

ಅಹ್ಮದ್ ಖಾನ್ ಅವರನ್ನು ‘ವೃತ್ತಿಪರ’ ಆಟಗಾರ ಎನ್ನಬಹುದೆ? ಕಾಗದದ ಮೇಲೆ ಅನ್ನುವಂತಿಲ್ಲ. ಅಂದಿನ ಒಲಿಂಪಿಕ್ ನಿಯಮದಂತೆ ಹಣಕ್ಕಾಗಿ ಆಡುವವನಿಗೆ ಪ್ರವೇಶವಿರಲಿಲ್ಲ. ಭಾರತದ ಆಟಗಾರರೆಲ್ಲ ಹವ್ಯಾಸಿಗಳೆಂದೇ ದಾಖಲಾಗಿದ್ದರು. ಹಾಗೆಂದು ಹೊಟ್ಟೆ ಹವ್ಯಾಸದಿಂದ ತುಂಬುವುದಿಲ್ಲ. ದೂರದಿಂದ ಬಂದ ಆಟಗಾರರಿಗೆ ಕ್ಲಬ್ಬುಗಳು ಇರಲು ಮೆಸ್ಸು, ಊಟ, ಖರ್ಚಿನ ಹಣ ಕೊಡುತ್ತಿದ್ದುದು, ಎಲ್ಲಾದರೂ ನೌಕರಿ ಕೊಡಿಸುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಆಟವೇ ಜೀವನವಾದರೂ ಅದಕ್ಕೆ ಕರಾರುಪತ್ರವಿಲ್ಲ, ಪಿಂಚಣಿಯಿಲ್ಲ, ಗಾಯವಾದರೆ ವಿಮೆಯಿಲ್ಲ. ರಾಷ್ಟ್ರಮಟ್ಟದಲ್ಲಿ ಕ್ಲಬ್ಬುಗಳ ಲೀಗ್ ನಮ್ಮಲ್ಲಿ ಆರಂಭವಾದದ್ದೇ 1996ರಲ್ಲಿ. ಅಷ್ಟರಲ್ಲಿ ಅಹ್ಮದ್ ಖಾನ್ ಎಪ್ಪತ್ತರ ಹೊಸ್ತಿಲಲ್ಲಿದ್ದರು.

ವಿಶ್ವಕಪ್ ಮತ್ತು ಬೂಟಿನ ಕಥೆ

1950ರ ವಿಶ್ವಕಪ್‌ಗೆ ಭಾರತ ಅರ್ಹತೆ ಪಡೆದಿತ್ತು. ಬರಿಗಾಲಿನಲ್ಲಿ ಆಡಲು ಬಿಡುವುದಿಲ್ಲ ಎಂದದ್ದರಿಂದ ಬ್ರೆಜಿಲ್‌ಗೆ ಹೋಗಲಿಲ್ಲ ಎಂಬ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಕಥೆಯ ಮೊದಲ ಭಾಗ ನಿಜ. ಬರ್ಮಾ, ಇಂಡೊನೇಷ್ಯಾ ಮೊದಲಾದ ಏಷ್ಯಾದ ತಂಡಗಳು ಹಿಂದೆ ಸರಿದದ್ದರಿಂದ ಭಾರತಕ್ಕೆ ಆಡದೆಯೇ ಅವಕಾಶ ದೊರೆಯಿತು. ಇಟಲಿ, ಸ್ವೀಡನ್, ಪರಾಗ್ವೆಗಳಿದ್ದ ಗುಂಪಿನಲ್ಲಿ ಭಾರತದ ಹೆಸರೂ ಸೇರಿತ್ತು. ಕೊನೆಯಲ್ಲಿ ಭಾರತ ಹಿಂದೆ ಸರಿಯಿತು.

ಎರಡನೆಯ ಭಾಗ ಪರೀಕ್ಷೆಗೆ ನಿಲ್ಲುವುದಿಲ್ಲ. ಬೂಟೇ ಅಡ್ಡಿಯಾಗಿದ್ದರೆ, ಎರಡು ವರ್ಷದ ಬಳಿಕ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತದ ಹಲವರು ಬರಿಗಾಲಲ್ಲೇ ಆಡಿದ್ದು ಹೇಗೆ? 1950ರ ತಂಡದ ನಾಯಕರಾಗಬೇಕಿದ್ದ ಶೈಲೇನ್ ಮನ್ನಾ ಅವರೇ ಬೂಟಿನ ಮಾತು ಒಂದು ನೆಪ ಎಂದು ಮುಂದೆ ಹೇಳಿದರು. ನಿಜವಾದ ಕಾರಣಗಳು ಹೆಚ್ಚು ನೀರಸವಾದವು. ಬ್ರೆಜಿಲ್ ದೂರ, ಪಯಣ ಹಡಗಿನದು. ವಿದೇಶಿ ವಿನಿಮಯದ ಅಭಾವ, ತಯಾರಿಗೆ ಸಮಯವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಂದಿನ ಭಾರತೀಯ ಆಡಳಿತಗಾರರ ಕಣ್ಣಿನಲ್ಲಿ ದೊಡ್ಡದು ಒಲಿಂಪಿಕ್ಸ್. ವಿಶ್ವಕಪ್ ಇಷ್ಟು ದೊಡ್ಡದಾಗಿ ಬೆಳೆದೀತೆಂದು ಅವರು ಊಹಿಸಿರಲಿಲ್ಲ.

ಹಾಗಿದ್ದೂ ಬೂಟಿನ ಕಥೆಯೇ ಏಕೆ ಉಳಿಯಿತು? ಅದು ಹೇಳಲು ಚೆಂದ. ಬಡ ದೇಶದ ಬರಿಗಾಲಿನ ಹುಡುಗರು, ಸಿರಿವಂತರ ನಿಯಮ, ತಪ್ಪಿದ ಅವಕಾಶ ಎಂಬ ಮೂರು ಎಳೆಗಳಲ್ಲಿ ನಾಟಕ ಸಿದ್ಧ. ಆದರೆ ಈ ಕಥೆ ಆಟಗಾರರಿಗೆ ಒಂದು ಅನ್ಯಾಯವನ್ನೂ ಮಾಡುತ್ತದೆ. ನಿರ್ಧಾರ ಕೈಗೊಂಡವರ ಹೊಣೆಯನ್ನು ಆಡಬೇಕಿದ್ದವರ ಪಾದಗಳ ಮೇಲೆ ಹೊರಿಸುತ್ತದೆ. ಅಹ್ಮದ್ ಖಾನ್‌ಗೆ ಆ ವರ್ಷ 23. ಪಂಚಪಾಂಡವರ ಆಟ ಏರುಗತಿಯಲ್ಲಿದ್ದ ಕಾಲ. ಅಂಥವರಿಗೆ ವಿಶ್ವಕಪ್ ಮತ್ತೆ ಬರಲಿಲ್ಲ. ಭಾರತಕ್ಕೆ ಇಂದಿಗೂ ಬಂದಿಲ್ಲ.

ಚಿನ್ನ, ಆಮೇಲೆ ಚಳಿ

1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಹೈದರಾಬಾದಿನ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಂ ತರಬೇತುದಾರ, ಮನ್ನಾ ನಾಯಕ. ಇಂಡೊನೇಷ್ಯಾ, ಆಫ್ಘಾನಿಸ್ತಾನಗಳನ್ನು ಸೋಲಿಸಿದ ಭಾರತ ಫೈನಲ್‌ನಲ್ಲಿ ಇರಾನನ್ನು 1–0ಯಿಂದ ಮಣಿಸಿ ಚಿನ್ನ ಗೆದ್ದಿತು. ಗೋಲು ಮೇವಾಲಾಲ್ ಅವರದು. ಅಹ್ಮದ್ ಖಾನ್ ಆ ತಂಡದಲ್ಲಿದ್ದರು.

ಮರುವರ್ಷ ಹೆಲ್ಸಿಂಕಿ. 1952ರ ಜುಲೈ 15ರಂದು ಎದುರಾದದ್ದು ಯುಗೊಸ್ಲಾವಿಯಾ. ಮುಂದೆ ಅದೇ ಕೂಟದಲ್ಲಿ ಬೆಳ್ಳಿ ಪಡೆದ, ಯುರೋಪಿನ ಬಲಿಷ್ಠ ತಂಡ. ಚಳಿ, ಒದ್ದೆ ನೆಲ, ಅಭ್ಯಾಸವಿಲ್ಲದ ವೇಗ. ನಮ್ಮ ದೇಶದಲ್ಲಿ ಆಗ ಪಂದ್ಯಗಳು ಪೂರ್ತಿ 90 ನಿಮಿಷ ನಡೆಯುತ್ತಿರಲಿಲ್ಲವಾದ್ದರಿಂದ ಕೊನೆಯ ಹೊತ್ತಿಗೆ ಉಸಿರು ಸಾಲುತ್ತಿರಲಿಲ್ಲ ಎಂಬುದೂ ನಿಜ. ಹತ್ತು ಗೋಲುಗಳು ಆದವು. ಪಂದ್ಯ ಎಂದೋ ಕೈಬಿಟ್ಟಿದ್ದಾಗ, 89ನೇ ನಿಮಿಷದಲ್ಲಿ, ಭಾರತ ಒಂದು ಗೋಲು ಹೊಡೆಯಿತು. ಹೊಡೆದವರು ಅಹ್ಮದ್ ಖಾನ್. 1–10.

ಸೋತ ತಂಡದ ಒಂಟಿ ಗೋಲಿಗೆ ಬೆಲೆ ಕೊಡುವವರು ಕಡಿಮೆ. ಆದರೆ ನಾಲ್ಕು ವರ್ಷದ ಹಿಂದೆ ಇಲ್ಫರ್ಡ್‌ನಲ್ಲಿ ಭಾರತದ ಕೈಯಿಂದ ಪಂದ್ಯ ಜಾರಿದ್ದು ಅದೇ 89ನೇ ನಿಮಿಷದಲ್ಲಿ. ಹೆಲ್ಸಿಂಕಿಯಲ್ಲಿ ಅದೇ ನಿಮಿಷದಲ್ಲಿ, ಹತ್ತು ಗೋಲಿನ ಹಿನ್ನಡೆಯಲ್ಲಿ, ಒಬ್ಬ ಆಟಗಾರ ಇನ್ನೂ ಓಡುತ್ತಿದ್ದ. ಯಾವ ಫಲಿತಾಂಶವನ್ನೂ ಬದಲಿಸದ ಆ ಓಟದಲ್ಲಿ ಅಹ್ಮದ್ ಖಾನ್ ಎಂಥ ಆಟಗಾರರೆಂಬುದು ತಿಳಿಯುತ್ತದೆ.

ಆ ಸೋಲಿನ ಬಳಿಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟು ಧರಿಸುವುದನ್ನು ಕಡ್ಡಾಯ ಮಾಡಿತು. ಬರಿಗಾಲ ಯುಗ ಅಲ್ಲಿಗೆ ಮುಗಿಯಿತು. ಈ ನಿರ್ಧಾರ ಸರಿಯೇ? ದೇಶದ ದೃಷ್ಟಿಯಿಂದ ಸರಿ. ರಹೀಂ ಅವರು ಹೆಲ್ಸಿಂಕಿಯ ಪಾಠ ಕಲಿತು ತಂಡದ ನಿಲುವನ್ನೂ ಆಟದ ರೀತಿಯನ್ನೂ ಬದಲಿಸಿದರು. ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಚಿನ್ನ ಮತ್ತೆ ಬಂದಾಗ ಅರುಮೈನಾಯಗಂ ಇದ್ದರು.

ಆದರೆ ಆಟಗಾರನ ದೃಷ್ಟಿಯಿಂದ ನೋಡಿದರೆ ಕಷ್ಟ ಬೇರೆ. ಇಪ್ಪತ್ತಾರನೆಯ ವಯಸ್ಸಿಗೆ, ಬಾಲ್ಯದಿಂದ ಪಾದ ಕಲಿತದ್ದನ್ನು ಬೂಟಿನೊಳಗೆ ಮತ್ತೆ ಕಲಿಯಬೇಕು. ಬೆರಳು ಮಾಡುತ್ತಿದ್ದ ಕೆಲಸವನ್ನು ತೊಗಲು ಮಾಡಬೇಕು. ಕೈಮಗ್ಗದ ನೇಕಾರನಿಗೆ ನಾಳೆಯಿಂದ ವಿದ್ಯುತ್ ಮಗ್ಗದಲ್ಲೇ ನೇಯಬೇಕೆಂದರೆ ಏನಾಗುತ್ತದೆ ಎಂದು ಮೊಳಕಾಲ್ಮುರಿನ ಮನೆಗಳಲ್ಲಿ ಕೇಳಿದರೆ ಉತ್ತರ ಸಿಕ್ಕೀತು. ಅಹ್ಮದ್ ಖಾನ್ ಹಿಂಜರಿಯಲಿಲ್ಲ. 1954ರ ಮನಿಲಾ ಏಷ್ಯನ್ ಕ್ರೀಡಾಕೂಟದಲ್ಲಿ ಆಡಿದರು. ಈಸ್ಟ್ ಬೆಂಗಾಲ್ ತಂಡದಲ್ಲಿ 1959ರವರೆಗೆ ಮುಂದುವರಿದರು. ಬರಿಗಾಲಿನಲ್ಲಿ ಆರಂಭಿಸಿದ ವೃತ್ತಿಯನ್ನು ಬೂಟಿನಲ್ಲಿ ಮುಗಿಸಿದ ಪೀಳಿಗೆ ಅವರದು.

ಓಟ ನಿಂತ ಮೇಲೆ

ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಬಿಟ್ಟು ಎರಡು ವರ್ಷವಾಗಿತ್ತು. ದೂರದರ್ಶನ ಮನೆಮನೆಗೆ ಬಂದದ್ದು ಅದಕ್ಕೂ ಎರಡು ದಶಕದ ಮೇಲೆ. ಲೀಗುಗಳು, ಕರಾರುಗಳು, ಹರಾಜುಗಳು ಇನ್ನೂ ಆಚೆಯವು. ಸನ್ಮಾನ, ಹಣ, ದೃಶ್ಯದಾಖಲೆ ಮೂರೂ ಬರುವ ಮೊದಲೇ ಅವರ ಓಟ ಮುಗಿದಿತ್ತು. 90 ವರ್ಷ ಬಾಳಿ ಅವರು ತೀರಿಕೊಂಡಾಗ ಇಲ್ಫರ್ಡ್‌ನ ಆ ಪಂದ್ಯಕ್ಕೆ ಅರುವತ್ತೊಂಬತ್ತು ವರ್ಷವಾಗಿತ್ತು.

ಅಮೆರಿಕದ ರನ್ನಿಂಗ್ ಬ್ಯಾಕ್‌ನ ಬದುಕು ಸುಖದ್ದೆಂದಲ್ಲ. ಅಲ್ಲಿಯೂ ಗಾಯ, ಮರೆವು, ಬೇಗ ಮುಗಿಯುವ ಪ್ರಾಯ ಇವೆ. ಆದರೆ ಅವನು ಬಿಟ್ಟುಹೋದ ಗಜಗಳನ್ನು ಯಾರಾದರೂ ಯಾವಾಗ ಬೇಕಾದರೂ ಎಣಿಸಬಹುದು. ನಮ್ಮಲ್ಲಿ ಲೆಕ್ಕ ಇಡುವ ಪರಿಪಾಠವೇ ಕಡಿಮೆ. ಗೆದ್ದ ದಿನ ಹೆಗಲ ಮೇಲೆ ಹೊರುತ್ತೇವೆ. ಮರುದಿನ ಹೆಗಲೊರಸಿಕೊಂಡು ಹೊಲಕ್ಕೆ ಹೋಗುತ್ತೇವೆ. ಹಳ್ಳಿಗಳ ಕಬಡ್ಡಿ ರೈಡರ್‌ಗಳು, ತಾಲ್ಲೂಕು ಮಟ್ಟದ ಕೊಕ್ಕೊ ಆಟಗಾರರು, ಜಾತ್ರೆಯ ಗುಡಿ ಏರಿದ ಯುವಕರು ಇವರೆಲ್ಲರ ವಿಷಯದಲ್ಲೂ ಇದೇ ಮಾತು. ಯಾವ ವರ್ಷ ಯಾರು ಆಡಿದರು, ಹೇಗೆ ಆಡಿದರು ಎಂಬುದನ್ನು ಒಂದು ಶಾಲೆಯ ವಹಿಯಲ್ಲಿ ಬರೆದಿಟ್ಟರೂ ಇತಿಹಾಸಕ್ಕೆ ಅಷ್ಟು ಉಪಕಾರ.

ಇನ್ನೊಂದು ಸಂಗತಿ ಬಯಲಿನದು. ಬೆಂಗಳೂರು ಒಲಿಂಪಿಕ್ ಆಟಗಾರರನ್ನು ಸಾಲಾಗಿ ಕೊಟ್ಟದ್ದು ಅಲ್ಲಿ ಹುಡುಗರು ಕೇಳದೆ ಇಳಿಯಬಹುದಾದ ಮೈದಾನಗಳಿದ್ದ ಕಾಲದಲ್ಲಿ. ಮೈಸೂರು ತಂಡ 1952ರಲ್ಲಿ ಮತ್ತೆ, 1960ರ ದಶಕದ ಕೊನೆಯಲ್ಲಿ ಎರಡು ಬಾರಿ ಸಂತೋಷ್ ಟ್ರೋಫಿ ಗೆದ್ದಿತು. ಮೈದಾನಗಳು ಕರಗಿದಂತೆ ಕಪ್ಪೂ ದೂರವಾಯಿತು. ಕರ್ನಾಟಕ ಅದನ್ನು ಮತ್ತೆ ಕಂಡದ್ದು 54 ವರ್ಷಗಳ ನಂತರ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ಚಳ್ಳಕೆರೆಯ ಕಡೆ ಬಯಲಿಗೆ ಬರವಿರಲಿಲ್ಲ. ಆದರೆ ಅಲ್ಲಿನ ಅಮೃತಮಹಲ್ ಕಾವಲುಗಳ ದೊಡ್ಡ ಭಾಗ 2008ರಿಂದೀಚೆಗೆ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳ ಬೇಲಿಯೊಳಗೆ ಸೇರಿದೆ. ದೇಶಕ್ಕೆ ಅವೂ ಬೇಕು. ಬೇಲಿಯ ಹೊರಗೆ ಪ್ರತಿ ಊರಿಗೂ ಒಂದೊಂದು ಆಟದ ಬಯಲು ಉಳಿಯಬೇಕೆನ್ನುವುದು ಅದಕ್ಕೆ ವಿರುದ್ಧವಾದ ಮಾತಲ್ಲ.

ಕಲ್ಲುಮುಳ್ಳಿನ ನೆಲದಲ್ಲಿ ಬರಿಗಾಲಲ್ಲಿ ಓಡಬಲ್ಲ ಮಕ್ಕಳು ಈ ಎರಡು ತಾಲ್ಲೂಕುಗಳಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಬೂಟು ಸಿಗುವುದು ಕಷ್ಟವೇನಲ್ಲ, ಚೆಂಡೂ ದುಬಾರಿಯಲ್ಲ. ಓಡಲು ನೆಲ, ಓಡಿದ್ದಕ್ಕೆ ಲೆಕ್ಕ ಇವೆರಡನ್ನು ಒದಗಿಸುವುದು ಮಾತ್ರ ಹಿರಿಯರ ಕೆಲಸ.